ಮರಾಠಿ ಗೆಳೆಯರಿಗೆ ಯಾವ ಕನ್ನಡ ಸಿನಿಮಾ ತೋರಿಸಲಿ?

ಕೋಥ್ರೂಡ್ ಹುಡುಗ:
ಶನಿವಾರ ರಾತ್ರಿ ನಮ್ಮ ರೂಮಲ್ಲಿ ಸಿನಿಮಾ. ಹೋದ ಸಲ ಮರಾಠಿ ಗೆಳೆಯರು ‘ಸೈರಾಟ್’ ಹಾಕಿದ್ದರು. ಮುಗಿದ ಮೇಲೆ ಬಹಳ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಈಗ ನನ್ನ ಸರದಿ. ನನಗೆ 1977ರ ‘ಘಟಶ್ರಾದ್ಧ’ ಅಂದ್ರೆ ಪ್ರಾಣ. ಅದರ ನಿರ್ದೇಶಕ ಗಿರೀಶ ಕಾಸರವಳ್ಳಿಯವರು ಸಿನಿಮಾ ಕಲಿತದ್ದು ಇದೇ ಪುಣೆಯಲ್ಲಿ, ಅದನ್ನು ಹೇಳಿಯೇ ಶುರು ಮಾಡುವಾಸೆ. ಆದರೆ ಕಪ್ಪು-ಬಿಳುಪು, ನಿಧಾನ. ವಾರವಿಡೀ ದುಡಿದು ಬಂದವರಿಗೆ ಹಿಡಿಸುತ್ತಾ?

ಹಡಪ್ಸರ್ ಅಕ್ಕ:
‘ತಿಥಿ’ ಹಾಕಪ್ಪಾ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯ್ತಾನೆ, ಮಗ ಗಡ್ಡಪ್ಪನಿಗೆ ಅದರ ಗೊಡವೆಯೇ ಇಲ್ಲ, ಬ್ರಾಂದಿ ಕುಡ್ಕೊಂಡು ಹೊಲದಲ್ಲಿ ಅಲೀತಾನೆ. ನಟಿಸಿದವರು ಮಂಡ್ಯ ಕಡೆಯ ಹಳ್ಳಿ ಜನ. ಸಬ್‌ಟೈಟಲ್ ಮಾತ್ರ ಬೇಕೇ ಬೇಕು.

ಬೆಳಗಾವಿಯವ:
ನಿಮಗ ಪ್ರಾಣ ಅಂದಮ್ಯಾಲ ಅದನ್ನ ಹಾಕ್ರಿ. ಸಣ್ಣ ಹುಡುಗ ನಾಣಿ ಕಣ್ಣಿಂದ ಯಮುನಕ್ಕನ ಕಥಿ ನೋಡೂದಕ್ಕ ಭಾಷಾ ಅಡ್ಡ ಬರೂದಿಲ್ಲ. 2024ರಾಗ ವೆನಿಸ್ ಉತ್ಸವದಾಗ ಅದರ ಹೊಸ ಪ್ರತಿ ತೋರಿಸ್ಯಾರ. ಊಟಕ್ಕಿಂತ ಮೊದ್ಲ ಹಚ್ರಿ, ಉಂಡಮ್ಯಾಲ ನಿದ್ದಿ ಹತ್ತತದ.

ಕೋಥ್ರೂಡ್ ಹುಡುಗ:
ಸರಿ, ಏಳಕ್ಕೆ ‘ಘಟಶ್ರಾದ್ಧ’, ಆಮೇಲೆ ಊಟ. ‘ತಿಥಿ’ ಮುಂದಿನ ಶನಿವಾರ. ಅಕ್ಕಾ, ನೀವೂ ಬನ್ನಿ.