ಮೆಟಲ್ ಡಿಟೆಕ್ಟರ್: ನಾಣ್ಯ ಇಟ್ರೆ ಗಪ್‌ಚಿಪ್, ಬಾಣಲೆ ತಂದ್ರೆ ಮಾತ್ರ ಕಿರುಚುತ್ತೆ

ಸೋಲ್ಡರ್_ಹೊಗೆ:
ಒಂದೇ ಸಿಡಿ4011 ಐಸಿಯ ಗೇಟುಗಳಲ್ಲಿ ಎರಡು ಆಸಿಲೇಟರ್ (ತಾನಾಗೇ ಏರಿಳಿಯೋ ಸಿಗ್ನಲ್ ಹುಟ್ಟಿಸೋ ಸರ್ಕ್ಯೂಟ್) ಮಾಡಿದೀನಿ, ಒಂದಕ್ಕೆ ಊಟದ ತಟ್ಟೆಯಷ್ಟಗಲದ ಸರ್ಚ್ ಕಾಯಿಲ್, ಇನ್ನೊಂದನ್ನ ಪಾಟ್ (ತಿರುಗಿಸಿ ಬದಲಾಯಿಸೋ ರೆಸಿಸ್ಟರ್) ತಿರುಗಿಸಿ ಟ್ಯೂನ್ ಮಾಡೋದು, ಎರಡೂ ಸುಮಾರು 100 ಕಿಲೋಹರ್ಟ್ಸ್, ಎರಡರ ವ್ಯತ್ಯಾಸ ಇಯರ್‌ಫೋನಲ್ಲಿ ಕೇಳ್ಬೇಕು. ಪಾಟ್ ತಿರುಗಿಸ್ತಾ ಹೋದ್ರೆ ಕುಂಯ್ ಅನ್ನೋದು ಇಳೀತಾ ಇಳೀತಾ 300 ಹರ್ಟ್ಸ್ ಹತ್ರ ಬಂದು ಪಕ್ ಅಂತ ಸತ್ತೋಗುತ್ತೆ, ಇನ್ನೂ ತಿರುಗಿಸಿದ್ರೆ ಆ ಕಡೆ ಮತ್ತೆ 300ರಿಂದಾನೇ ಶುರು. ಮಧ್ಯದ್ದು ಇಲ್ವೇ ಇಲ್ಲ. ಅಮ್ಮನ ಬಾಣಲೆ ಹುಡುಕೋಕೆ ಮೆಷಿನ್ ಬೇಕಾ ಅಂತ ಮನೇಲಿ ನಗ್ತಿದಾರೆ. ಕಾಯಿಲ್ ತಪ್ಪಾ?

ಕಬ್ಬಿಣದ_ಕಡಲೆ:
ಕಾಯಿಲ್ ಅಲ್ಲ ಗುರು, ಎರಡೂ ಲಾಕ್ ಆಗ್ತಿದೆ. ಒಂದೇ ಐಸಿ ಒಂದೇ ಸಪ್ಲೈ, ಒಂದು ಗೇಟ್ ಸ್ವಿಚ್ ಆದಾಗ ಸಪ್ಲೈ ಅಲ್ಲಾಡುತ್ತೆ, ಆ ಅಲ್ಲಾಟಕ್ಕೆ ಇನ್ನೊಂದೂ ತಾಳ ಹಾಕುತ್ತೆ, ಹತ್ರ ಬಂದ ತಕ್ಷಣ ಇಬ್ರದ್ದೂ ಒಂದೇ ಫ್ರೀಕ್ವೆನ್ಸಿ. ಲೆಕ್ಕ ಹಾಕಿ ನೋಡಿ, ನಾಣ್ಯದಿಂದ ಕಾಯಿಲಿನ ಇಂಡಕ್ಟೆನ್ಸ್ (ಅದರ ಫ್ರೀಕ್ವೆನ್ಸಿ ನಿರ್ಧರಿಸೋ ಗುಣ) 0.02% ಬದಲಾಯ್ತು ಅನ್ಕೊಳ್ಳಿ, ಫ್ರೀಕ್ವೆನ್ಸಿ ಅದರರ್ಧ, 0.01%, ಅಂದ್ರೆ ಬರೀ 10 ಹರ್ಟ್ಸ್. ನಿಮ್ದು 300ರವರೆಗೂ ನುಂಗಿ ಕೂತಿದೆ, 10 ಎಲ್ಲಿ ಕಾಣುತ್ತೆ! ಎರಡು ಬೇರೆ ಐಸಿ ಹಾಕಿ, ಒಂದೊಂದರ ಸಪ್ಲೈಗೂ 100 ಓಮ್ ರೆಸಿಸ್ಟರ್ ಮತ್ತೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಟೋನನ್ನ 100 ಹರ್ಟ್ಸ್ ಆಸುಪಾಸು ಇಟ್ಕೊಳ್ಳಿ, 100ರಲ್ಲಿ 10 ಏರಿದ್ರೆ ಕಿವಿಗೆ ಗೊತ್ತಾಗುತ್ತೆ, 1000ದಲ್ಲಿ ಕಷ್ಟ.

ಸೋಲ್ಡರ್_ಹೊಗೆ:
ಮಾಡ್ದೆ ಸರ್, ಈಗ 40ರವರೆಗೂ ಇಳಿಯುತ್ತೆ, ನಾಣ್ಯಕ್ಕೂ ಸೌಂಡ್ ಬದಲಾಗ್ತಿದೆ!! ಆದ್ರೆ ಬರೀ ಕೈ ತಂದ್ರೂ ಬದಲಾಗುತ್ತೆ 😭

ಕಬ್ಬಿಣದ_ಕಡಲೆ:
ಅದು ಕೈಯ ಕೆಪ್ಯಾಸಿಟೆನ್ಸ್, ಕೈ ಕಾಯಿಲ್ ಜೊತೆ ಸೇರಿ ಸಣ್ಣ ಕೆಪ್ಯಾಸಿಟರ್ ಥರ ಆಗುತ್ತೆ. ಕಾಯಿಲಿಗೆ ಅಡುಗೆಮನೆ ಫಾಯಿಲ್ ಸುತ್ತಿ ಗ್ರೌಂಡ್ ಮಾಡಿ. ಪೂರ್ತಿ ಸುತ್ತಬೇಡಿ, 1 ಸೆಂಟಿಮೀಟರ್ ಬಿಡಿ, ಇಲ್ಲಾಂದ್ರೆ ಫಾಯಿಲ್ಲೇ ಶಾರ್ಟ್ ಆದ ಒಂದು ಸುತ್ತು ಆಗಿ ಕಾಯಿಲ್ ಕೆಲ್ಸ ಕೆಡಿಸುತ್ತೆ.

ಹುಬ್ಬಳ್ಳಿ_ರೇಡಿಯೋ:
ಇಷ್ಟೆಲ್ಲಾ ಯಾಕ್ರೀ, ಆ ಎರಡನೇ ಆಸಿಲೇಟರ್ ತಗದ್ ಒಗೀರಿ. ಹಳೇ ಎಎಂ ರೇಡಿಯೋದಾಗ ಧಾರವಾಡ ಆಕಾಶವಾಣಿ ಹಚ್ರಿ, 765 ಕಿಲೋಹರ್ಟ್ಸ್. ನಿಮ್ಮ ಕಾಯಿಲ್ 85ಕ್ಕ ಇಳಿಸಿದ್ರ ಅದರ ಒಂಬತ್ತನೇ ಹಾರ್ಮೋನಿಕ್ (ಒಂಬತ್ ಪಟ್ಟು ಫ್ರೀಕ್ವೆನ್ಸಿ) ಬರೋಬ್ಬರಿ ಅಲ್ಲೇ ಬಂದ್ ಕೂಡ್ತೈತಿ, ಗೇಟಿಂದು ಸ್ಕ್ವೇರ್ ವೇವ್ ನೋಡ್ರಿ, ಬೆಸ ಹಾರ್ಮೋನಿಕ್ ಚಲೋ ಸಿಗ್ತಾವು. ವಾರ್ತಾ ಹಿಂದ ಸಣ್ಣಗ ಸಿಳ್ಳಿ ಕೇಳ್ತೈತಿ, ಕಾಯಿಲ್‌ನಾಗ 10 ಹರ್ಟ್ಸ್ ಸರದ್ರ ಸಿಳ್ಳಿ 90 ಸರೀತೈತಿ. ಲಾಕ್ ಆಗೋ ಮಾತ ಇಲ್ಲ, ಇನ್ನೊಂದ್ ಆಸಿಲೇಟರ್ ಧಾರವಾಡದಾಗ ಐತಲ್ರಿ.