ಗಪ್ಪಿ ಆರಾಮಾಗವೆ, ಚೆರ್ರಿ ಶ್ರಿಂಪ್ ಮಾತ್ರ ಸಾಯ್ತಾ ಅವೆ (ಮಂಡ್ಯ, ಬೋರ್‌ವೆಲ್ ನೀರು)

ಮಂಡ್ಯ_ಟ್ಯಾಂಕ್:
ಎಲ್ರಿಗೂ ನಮಸ್ಕಾರ. 40 ಲೀಟರ್ ಟ್ಯಾಂಕು, ಸ್ಪಾಂಜ್ ಫಿಲ್ಟರು, ಜಾವಾ ಮಾಸ್ (ನೀರಲ್ಲಿ ಬೆಳೆಯೋ ಹಾವಸೆ ಗಿಡ), ಜೊತೆಗೆ ನಾಲ್ಕೈದು ಗಪ್ಪಿ ಮೀನು. ಚಳಿಗಾಲದಲ್ಲಿ ಬಿಟ್ಟ ಚೆರ್ರಿ ಶ್ರಿಂಪ್ (ಪುಟ್ಟ ಕೆಂಪು ಸಿಹಿನೀರಿನ ಸೀಗಡಿ) ಚೆನ್ನಾಗೇ ಇದ್ವು, ಮರೀನೂ ಆದ್ವು. ಬೇಸಿಗೆ ಶುರುವಾದ್ಮೇಲೆ ಒಂದೊಂದೇ ಉರುಳ್ತಾ ಅವೆ. ಮೀನಿನ ಗಲೀಜಿಂದ ಆಗೋ ವಿಷ, ಅಮೋನಿಯಾ, ನೈಟ್ರೈಟ್, ಎರಡೂ ಸೊನ್ನೆ. ನೀರು 27-28 ಡಿಗ್ರಿ, ಮೇಲೊಂದು ಸಣ್ಣ ಫ್ಯಾನ್ ಹಾಕಿದೀನಿ. ಮೊಟ್ಟೆ ಹೊತ್ತಿದ್ದ ಹೆಣ್ಣೂ ನಿನ್ನೆ ಹೋಯ್ತು. ಏನ್ ಮಾಡ್ಲಿ?

ಬನ್ನೂರು_ಗಪ್ಪಿ:
ಸೊಳ್ಳೆ ಲಿಕ್ವಿಡ್ ಮೆಷಿನ್ ಅದೇ ರೂಮಲ್ಲಿ ಹಾಕ್ತೀರಾ? ಅದರ ಔಷಧಿ ಮೀನಿಗಿಂತ ಮೊದ್ಲು ಶ್ರಿಂಪ್‌ಗೆ ಹೊಡೆಯುತ್ತೆ. ಗಪ್ಪಿಗೆ ತಾಮ್ರ ಇರೋ ಔಷಧಿ ಏನಾದ್ರೂ ಹಾಕಿದ್ರಾ? ಇಲ್ಲ ಅಂದ್ರೆ ಚಿಪ್ಪಿಗೆ ಕ್ಯಾಲ್ಸಿಯಂ ಸಾಲ್ತಿಲ್ಲ, ಗಿಳಿಗೆ ಕೊಡೋ ಕಟಲ್ ಬೋನ್ ಒಂದು ತುಂಡು ಹಾಕಿ ನೋಡಿ.

ಮಂಡ್ಯ_ಟ್ಯಾಂಕ್:
ಸೊಳ್ಳೆ ಪರದೆ ಅಣ್ಣ, ಮೆಷಿನ್ ಇಲ್ಲ. ಔಷಧೀನೂ ಹಾಕಿಲ್ಲ.

ಕುಕ್ಕರಹಳ್ಳಿ_ಪಾಚಿ:
ಕಟಲ್ ಬೋನ್ ಬೇಡ ಸಾರ್. ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟೋ ಬೋರ್ ನೀರಲ್ಲಿ ಕ್ಯಾಲ್ಸಿಯಂ ಕೊರತೆ ಅನ್ನೋದು ನನಗ್ಯಾಕೋ ಒಪ್ಪಲ್ಲ. ಮೊದ್ಲು ಇಷ್ಟು ಹೇಳಿ: ಸಾಯೋದು ದಿನಾನಾ, ನೀರು ಬದಲಿಸಿದ ಮೇಲಾ? ಬದಲಿಸೋದು ಯಾವ ನೀರು? ಆವಿಯಾಗಿ ಇಳಿದಿದ್ದಕ್ಕೆ ಯಾವ ನೀರು ತುಂಬ್ತೀರಾ? ಸತ್ತಿದ್ದನ್ನ ಬಿಳಿ ತಟ್ಟೆ ಮೇಲಿಟ್ಟು ಕುತ್ತಿಗೆ ಹತ್ರ ನೋಡಿ.

ಮಂಡ್ಯ_ಟ್ಯಾಂಕ್:
ಬದಲಿಸಿದ ಮಾರನೇ ದಿನ, ಇಲ್ಲಾ ಅದರ ಮಾರನೇ ದಿನ ಸಾಯ್ತವೆ. ಫ್ಯಾನ್‌ಗೆ ನೀರು ಬೇಗ ಇಳಿಯುತ್ತೆ, ಅದಕ್ಕೆ ಬೋರ್ ನೀರೇ ತುಂಬ್ತೀನಿ. ತಿಂಗಳಿಗೊಂದ್ಸಲ ಅರ್ಧ ತೆಗೆದು ಅಡುಗೆಮನೆ ಆರ್‌ಓ ನೀರು ಹಾಕ್ತೀನಿ, ಶುದ್ಧ ನೀರಲ್ವಾ ಅಂತ. ನೀರಲ್ಲಿ ಕರಗಿರೋ ಉಪ್ಪಿನಂಶ ಅಳೆಯೋ ಟಿಡಿಎಸ್ ಪೆನ್ನಲ್ಲಿ ಈಗ ನೋಡ್ದೆ: ಟ್ಯಾಂಕು 870, ಬೋರು 560, ಆರ್‌ಓ 40. ಕುತ್ತಿಗೆ ಹತ್ರ ಸುತ್ತ ಬಿಳೀ ಉಂಗುರ ಐತೆ, ದಾರ ಕಟ್ಟಿದ ಹಾಗೆ.

ಕುಕ್ಕರಹಳ್ಳಿ_ಪಾಚಿ:
ಸಿಕ್ತು ಬಿಡಿ. ಆವಿಯಾಗೋದು ನೀರು ಮಾತ್ರ, ಉಪ್ಪಿನಂಶ ಎಲ್ಲಾ ಟ್ಯಾಂಕಲ್ಲೇ ಉಳಿಯುತ್ತೆ. ಅದರ ಮೇಲೆ ಮತ್ತೆ ಬೋರ್ ನೀರು ಸುರಿದು ಸುರಿದು 870ಕ್ಕೆ ಏರಿದೆ. ಈಗ ಅರ್ಧ ತೆಗೆದು ಆರ್‌ಓ ಹಾಕಿದ್ರೆ ಒಂದೇ ಏಟಿಗೆ 455ಕ್ಕೆ ಬೀಳುತ್ತೆ. ಗಪ್ಪಿ ತಡ್ಕೊಳ್ಳುತ್ತೆ, ಅದು ಗಟ್ಟಿಪಿಂಡ.

ಶ್ರಿಂಪ್ ಪೊರೆ ಬಿಡೋದು ಹೇಗೆ ಅಂದ್ರೆ, ಹಳೇ ಚಿಪ್ಪಿನ ಒಳಗೆ ಮೆತ್ತಗಿನ ಹೊಸದು ತಯಾರಾಗುತ್ತೆ, ಆಮೇಲೆ ಮೈ ನೀರು ಹೀರಿ ಉಬ್ಬಿ ತಲೆ-ಹೊಟ್ಟೆ ಸೇರೋ ಜಾಗದಲ್ಲಿ ಹಳೇದು ಬಿರಿಯುತ್ತೆ. ಅಲ್ಲಿಂದ ಛಂಗನೆ ಹಾರಿ ಹೊರಗೆ ಬರುತ್ತೆ. ಸುತ್ತಲ ನೀರು ದಿಢೀರ್ ತೆಳುವಾದ್ರೆ ಮೈಯೊಳಗೆ ನೀರು ನುಗ್ಗಿ, ಒಳಗಿನದು ತಯಾರಾಗೋ ಮುಂಚೇನೇ ಬಿರಿಯುತ್ತೆ. ಈಚೆ ಬರೋಕಾಗ್ದೆ ಸಿಕ್ಕಾಕೊಳ್ಳುತ್ತೆ. ನೀವು ನೋಡಿದ ಬಿಳಿ ಉಂಗುರ ಅದೇ.

ಈಗ ಮಾಡೋದು: ಆವಿಗೆ ಇಳಿದಷ್ಟು ಬರೀ ಆರ್‌ಓ ತುಂಬಿ, ದಿನಾ ಸ್ವಲ್ಪ ಸ್ವಲ್ಪ. ವಾರಕ್ಕೊಂದ್ಸಲ 4 ಲೀಟರ್ ಮಾತ್ರ ತೆಗೀರಿ. ಬದಲಿಗೆ ಬೋರ್-ಆರ್‌ಓ ಸಮಸಮ ಬೆರೆಸಿದ ನೀರು, ಅದು ಸುಮಾರು 300 ಬರುತ್ತೆ. ಮೊದಲ ವಾರ 870 ಇದ್ದಿದ್ದು 813 ಆಗುತ್ತೆ, ಅಷ್ಟು ಇಳಿತ ಏನೂ ಮಾಡಲ್ಲ. ಬಕೆಟ್ ಮೇಲಿಟ್ಟು ಏರ್ ಪಂಪ್ ಪೈಪಿಗೆ ಗಂಟು ಹಾಕಿ, ತೊಟ್ಟು ತೊಟ್ಟಾಗಿ ಎರಡು ಗಂಟೆ ಹಿಡಿಯೋ ಹಾಗೆ ಇಳಿಸಿ. 350ರ ಆಸುಪಾಸಿಗೆ ಬರೋವರೆಗೂ ಅವಸರ ಬೇಡ. ಬಿಟ್ಟ ಪೊರೆ ಗಾಜಿನ ಹಾಗೆ ಟೊಳ್ಳಾಗಿರುತ್ತೆ, ತೆಗೀಬೇಡಿ, ತಿಂದ್ಕೊಳ್ತವೆ. ಹೆಣ ಆದ್ರೆ ಹಾಲಿನ ಹಾಗೆ ಮಸುಕಾಗಿ ಗುಲಾಬಿ ತಿರುಗಿರುತ್ತೆ, ಅದನ್ನ ತಕ್ಷಣ ತೆಗೀಬೇಕು.

ಬನ್ನೂರು_ಗಪ್ಪಿ:
ಒಪ್ಕೊಂಡೆ ಗುರು. ಒಂದ್ ಡೌಟು. ನಮ್ಮನೇಲಿ ಸಾಫ್ಟ್‌ನರ್ ಇದೆ, ಅದರ ನೀರಲ್ಲಿ ಪೆನ್ನು 500 ತೋರಿಸುತ್ತೆ. ಅದೂ ಇದೇ ಲೆಕ್ಕಾನಾ?

ಕುಕ್ಕರಹಳ್ಳಿ_ಪಾಚಿ:
ಅಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತೆ, ಪೆನ್ನಿಗೆ ಎರಡೂ ಒಂದೇ. ನಿಮ್ಮ ಟ್ಯಾಂಕಿಗೆ ಕಟಲ್ ಬೋನ್ ಮಾತು ಸರಿ ಹೋಗ್ಬೋದು. ಜಿಎಚ್ (ನೀರಿನ ಗಡಸುತನ) ನೋಡೋ ಕಿಟ್ ತಗೊಂಡು ಹನಿ ಎಣಿಸಿ ನೋಡಿ, 6ರಿಂದ 8 ಬಂದ್ರೆ ಸಾಕು. ಇಲ್ಲಿ ಮೈಸೂರಲ್ಲಿ ನಮಗೆ ಕಾವೇರಿ ನಲ್ಲಿ ನೀರು, ಕ್ಲೋರಿನ್ ತೆಗೆದ್ರೆ ಆಯ್ತು.

ಮಂಡ್ಯ_ಟ್ಯಾಂಕ್:
ಅಣ್ಣ, ನಾಲ್ಕನೇ ವಾರ. 690 ಐತೆ. ಉಂಗುರ ಬಂದಿದ್ದು ಮತ್ತೆ ಕಾಣ್ಲಿಲ್ಲ, ಒಂದು ಹೆಣ್ಣು ಮೊಟ್ಟೆ ಹೊತ್ತೈತೆ. ನಮ್ಮಮ್ಮ ಒಳ್ಳೇ ಆರ್‌ಓ ನೀರನ್ನ ಸೀಗಡಿಗೆ ಸುರೀತೀಯಲ್ಲೋ ಅಂತ ಬೈತಾವ್ರೆ. ಆರ್‌ಓ ವೇಸ್ಟ್ ಪೈಪಿನ ನೀರು ತುಂಬ್ಬೋದಾ?

ಕುಕ್ಕರಹಳ್ಳಿ_ಪಾಚಿ:
ಬೇಡ್ವೇ ಬೇಡ. ಅದು ನಿಮ್ಮ ಬೋರ್ ನೀರಿಗಿಂತ ಉಪ್ಪು. ಬಚ್ಚಲು ತೊಳೀರಿ. ಮಳೆ ಶುರುವಾದ್ರೆ ಮೊದಲ ಎರಡು ಮಳೆ ಬಿಟ್ಟು, ಆಮೇಲಿನ ತಾರಸಿ ನೀರು ಹಿಡ್ಕೊಳ್ಳಿ, ಅಮ್ಮನ ಆರ್‌ಓ ಉಳಿಯುತ್ತೆ. ಶೀಟಿಂದ ಇಳಿದ ನೀರು ಮಾತ್ರ ಬೇಡ.