ಕೋಟಾದ ಬ್ರಿಜ್‌ರಾಜ್ ಭವನದ ಮೇಜರ್ ಭೂತ: ಚರಿತ್ರೆ ಎಷ್ಟು, ಸದ್ದು ಎಷ್ಟು?

ದಾರಿಹೋಕ:
ರಾಜಸ್ಥಾನದ ಕೋಟಾದಲ್ಲಿ, ಚಂಬಲ್ ನದಿ ದಂಡೆಯ ಈ ಹೋಟೆಲಿನಲ್ಲಿ ಬ್ರಿಟಿಷ್ ಮೇಜರ್ ಒಬ್ಬನ ಭೂತ ಓಡಾಡುತ್ತೆ, ರಾತ್ರಿ ಪಾಳಿಯಲ್ಲಿ ತೂಕಡಿಸುವ ಕಾವಲುಗಾರನ ಕೆನ್ನೆಗೆ ಬಾರಿಸುತ್ತೆ ಅಂತ ಪ್ರತೀತಿ. ಇದರ ಹಿಂದೆ ದಾಖಲಾದ ಘಟನೆ ಇದೆಯೇ? ಇಂಥ ಹಳೇ ಬಂಗಲೆಗಳ ಹೆಜ್ಜೆ ಸಪ್ಪಳವನ್ನು ದುಬಾರಿ ಉಪಕರಣ ಇಲ್ಲದೆ ಪರೀಕ್ಷಿಸೋದು ಹೇಗೆ?

ಚಂಬಲ್‌ದಂಡೆ:
ಸಾವು ನಿಜ. ಆಗ ಅದು ಬ್ರಿಟಿಷ್ ರೆಸಿಡೆನ್ಸಿ. 1857ರ ಅಕ್ಟೋಬರ್ 15ರಂದು ದಂಗೆ ಎದ್ದ ಸಿಪಾಯಿಗಳು ಮುತ್ತಿಗೆ ಹಾಕಿದರು. ಪೊಲಿಟಿಕಲ್ ಏಜೆಂಟ್ (ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ) ಮೇಜರ್ ಚಾರ್ಲ್ಸ್ ಬರ್ಟನ್ ಇಬ್ಬರು ಗಂಡುಮಕ್ಕಳ ಜೊತೆ ಮಹಡಿ ಹತ್ತಿ, ಕೆಲವು ಗಂಟೆ ತಡೆದು, ಮೂವರೂ ಅಲ್ಲೇ ಸತ್ತರು. ಊರು ಬ್ರಿಟಿಷರ ಕೈಗೆ ಮರಳಿದ್ದು 1858ರ ಮಾರ್ಚ್ ಕೊನೆಗೆ.

ಸತ್ತವರು ಮೂವರಾದರೂ ಕಥೆಯಲ್ಲಿ ಉಳಿದಿದ್ದು ಅಪ್ಪ ಒಬ್ಬನೇ, ಅದೂ ಸಂಬಳವಿಲ್ಲದ ಸೂಪರ್‌ವೈಸರ್ ಆಗಿ! ಏಟು ಬೀಳೋದು ಯಾರಿಗೆ ಅಂತ ನೋಡಿ: ಅತಿಥಿಗಲ್ಲ, ತೂಕಡಿಸುವವನಿಗೆ. ನಿದ್ದೆಗೆ ಜಾರುವ ಕ್ಷಣದಲ್ಲಿ ಸ್ನಾಯು ಸೆಳೆದು ಮೈ ಬೆಚ್ಚಿಬೀಳೋದು ಎಲ್ಲರಿಗೂ ಗೊತ್ತು. ಕುರ್ಚಿಯಲ್ಲಿ ಕೂತವನ ಕತ್ತು ಜೋತುಬಿದ್ದು ಹಾಗೆ ಎಳೆದರೆ ಯಾರೋ ಹೊಡೆದ ಹಾಗೇ ಅನ್ನಿಸಬಹುದು. ಇದು ನನ್ನ ಊಹೆ, ದಾಖಲೆಯಲ್ಲ.

ಹಳೇತೊಲೆ:
ಹೆಜ್ಜೆ ಸಪ್ಪಳಕ್ಕೆ ಮೊದಲು ಮೇಲೆ ನೋಡಿ. 6 ಮೀಟರ್ ಉದ್ದದ ಕಬ್ಬಿಣದ ತೊಲೆ 15 ಡಿಗ್ರಿ ತಣಿದರೆ ಸುಮಾರು 1 ಮಿಲಿಮೀಟರ್ ಕುಗ್ಗುತ್ತೆ. ಗೋಡೆಯೊಳಗೆ ಕೂತ ತುದಿ ನುಣ್ಣಗೆ ಜಾರಲ್ಲ. ಹಿಡಿದುಕೊಳ್ಳುತ್ತೆ, ಬಿಗಿ ತಾಳದಾದಾಗ ತಟಕ್ಕನೆ ಬಿಡುತ್ತೆ, ಮತ್ತೆ ಹಿಡಿಯುತ್ತೆ. ಟಕ್... ಟಕ್... ಟಕ್. ಕೆಳಗೆ ಮಲಗಿದವನಿಗೆ ಮೇಲೆ ಯಾರೋ ಬೂಟು ಹಾಕಿಕೊಂಡು ನಡೆದ ಹಾಗೆ. ಮರದ ತೊಲೆ ಒಣಗುವಾಗಲೂ ಹೀಗೇ.

ಸಂಜೆ 6ರಿಂದ ಅರ್ಧ ಗಂಟೆಗೊಮ್ಮೆ ಉಷ್ಣಾಂಶ ಬರೆದಿಡಿ, ಪಕ್ಕದಲ್ಲಿ ಸದ್ದಿನ ಸಮಯ. ಒಂದು ರಾತ್ರಿ ಸಾಲದು, ಕನಿಷ್ಠ 5 ಬೇಕು, ಅದರಲ್ಲಿ ಒಂದಾದರೂ ನಿಧಾನವಾಗಿ ತಣಿಯುವ ಮೋಡದ ರಾತ್ರಿ. ಬೇಗ ತಣಿಯುವ ಹೊತ್ತಿಗೆ ಸದ್ದು ದಟ್ಟವಾಗಿ, ಮೋಡವಿದ್ದಾಗ ಕಡಿಮೆಯಾದರೆ ಅದು ತೊಲೆಯೇ. ಎಲ್ಲರೂ ತಪ್ಪೋದು ಒಂದೇ ಕಡೆ: ಸದ್ದು ಕೇಳಿದ ರಾತ್ರಿಯನ್ನಷ್ಟೇ ಬರೆಯುತ್ತಾರೆ.

ಮಲೆನಾಡ್ಹೆಂಚು:
ನಮ್ಮ ಕಡೆಯ ಹೆಂಚಿನ ಐಬಿಗಳಲ್ಲಾದರೆ (ಸರ್ಕಾರಿ ಪ್ರವಾಸಿ ಬಂಗಲೆ) ಅಟ್ಟವನ್ನೇ ಮೊದಲು ಅನುಮಾನಿಸಿ. ಅಲ್ಲಿ ರಂಗೋಲಿ ಪುಡಿಯನ್ನು ಒಂದು ಮೊಳ ಅಗಲದ ಪಟ್ಟಿಯಾಗಿ ತೆಳ್ಳಗೆ ಉದುರಿಸಿ ಬೆಳಿಗ್ಗೆ ನೋಡಿ. ಐದು ಬೆರಳು ಮೂಡಿದ್ದರೆ ಕಬ್ಬೆಕ್ಕು, ನಾಲ್ಕೇ ಇದ್ದರೆ ಮನೆಬೆಕ್ಕು. ಅಕ್ಕಿಹಿಟ್ಟು ಬೇಡ, ಇಲಿ ನೆಕ್ಕಿ ಗುರುತೆಲ್ಲ ಕೆಡುತ್ತೆ.

ದಾರಿಹೋಕ:
ಸದ್ದಿಲ್ಲ, ಆದರೆ ಕೋಣೆಗೆ ಹೋದರೆ ಎದೆ ಭಾರ, ಮೂಲೆಯಲ್ಲಿ ಯಾರೋ ನಿಂತ ಹಾಗೆ ಅನ್ನುತ್ತಾರಲ್ಲ, ಅದಕ್ಕೆ?

ಹಳೇತೊಲೆ:
ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ ನೋಡಿ. ಇಂಗ್ಲೆಂಡಿನ ವಿಕ್ ಟ್ಯಾಂಡಿ 1998ರಲ್ಲಿ ಬರೆದ ಪ್ರಕರಣದಲ್ಲಿ ಪ್ರಯೋಗಾಲಯದ ಬೂದು ಆಕೃತಿಗೆ ಕಾರಣ ಅಂತ ಸಿಕ್ಕಿದ್ದು ಫ್ಯಾನ್ ಎಬ್ಬಿಸುತ್ತಿದ್ದ, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್ (ಸೆಕೆಂಡಿಗೆ 19 ಸಲ ಅದುರುವ) ಅಲೆ. ಇದನ್ನು ಫೋನಿನ ಮೈಕಿನಲ್ಲಿ ಅಳೆಯಲು ಹೋಗಬೇಡಿ, ಅಷ್ಟು ಕೆಳಗೆ ಅದನ್ನು ನಂಬೋಕಾಗಲ್ಲ. ಫೋನನ್ನು ಕಿಟಕಿ ಹಲಗೆ ಮೇಲಿಟ್ಟು ಫೈಫಾಕ್ಸ್ (phyphox) ಆ್ಯಪಿನಲ್ಲಿ ಆಕ್ಸಿಲರೋಮೀಟರ್ ಸ್ಪೆಕ್ಟ್ರಮ್, ಅಂದರೆ ಎಷ್ಟು ಹರ್ಟ್ಸ್‌ನಲ್ಲಿ ಅದುರುತ್ತಿದೆ ಅಂತ ತೋರಿಸುವ ನಕ್ಷೆ, ನೋಡಿ. ಹಲಗೆ ಅದುರುತ್ತಿದ್ದರೆ ಗೆರೆ ಏಳುತ್ತೆ.

ಚಂಬಲ್‌ದಂಡೆ:
19 ಹರ್ಟ್ಸ್ ಒಂದು ಕೋಣೆಯ ಕಥೆ, ಅದನ್ನು ಎಲ್ಲ ಬಂಗಲೆಗೂ ಅಂಟಿಸೋದು ಅತಿಯಾಯಿತು. ಎದೆ ಭಾರದ ಜೊತೆ ತಲೆನೋವು, ವಾಕರಿಕೆ ಇದ್ದು, ಹೊರಗೆ ಬಂದರೆ ಇಳಿಯುತ್ತಾ ಅಂತ ಮೊದಲು ಕೇಳಿ. ಹೌದಾದರೆ ಕಾರ್ಬನ್ ಮೊನಾಕ್ಸೈಡ್ ವಿಷಾನಿಲ ಇರಬಹುದು. ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಬಂದ ಹೊಗೆಯಿಂದ ಇಡೀ ಮನೆಮಂದಿಗೆ ಹೆಜ್ಜೆ ಸಪ್ಪಳ ಕೇಳಿಸಿದ ಪ್ರಕರಣ 1921ರಲ್ಲೇ ಅಮೆರಿಕದ ನೇತ್ರವೈದ್ಯರ ಪತ್ರಿಕೆಯಲ್ಲಿ ಬಂದಿದೆ. ಇಲ್ಲಿ ಅಪಾಯ ಇರೋದು ಬಚ್ಚಲಿನ ಗ್ಯಾಸ್ ಗೀಸರ್ ಮತ್ತು ಚಳಿಗಾಲದ ಕೆಂಡದ ಅಗ್ಗಿಷ್ಟಿಕೆಯಲ್ಲಿ. ಈ ಅನಿಲ ಪತ್ತೆಹಚ್ಚುವ ಅಲಾರಂ ದಿಂಬಿನ ಎತ್ತರದಲ್ಲಿರಲಿ, ಕಿಟಕಿಗೆ ಅಂಟಿಸಿ ಇಡಬೇಡಿ. ಕೂಗಿದರೆ ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆದುಕೊಂಡು ಬನ್ನಿ.